ಬೋಸರ ಪತ್ರದಲ್ಲಿನ ಬೆನ್ನುಮೂಳೆ

1895ರ ಮೇ ತಿಂಗಳಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಏಷ್ಯಾಟಿಕ್ ಸೊಸೈಟಿಯ ಮುಂದಿಟ್ಟ ಪ್ರಬಂಧ 'ವಿದ್ಯುತ್ ಕಿರಣ'ಗಳ ಧ್ರುವೀಕರಣವನ್ನು ಕುರಿತದ್ದು. ಈ ಕಿರಣಗಳನ್ನೇ ಎಕ್ಸ್-ಕಿರಣವೆಂದು ಓದಿ, ರಾಂಟ್ಜನ್‌ಗಿಂತ ಆರು ತಿಂಗಳು ಮೊದಲೇ ನಮ್ಮವರು ಅವನ್ನು ಕಂಡಿದ್ದರೆಂದು ವಾದಿಸುವವರಿದ್ದಾರೆ. ಈ ಓದು ತಪ್ಪು. ಬೋಸರು ಬಳಸಿದ ಅಲೆಗಳ ಉದ್ದ ಮಿಲಿಮೀಟರುಗಳಲ್ಲಿತ್ತು. ಎಕ್ಸ್-ಕಿರಣದ್ದು ಅದಕ್ಕಿಂತ ಕೋಟಿ ಪಟ್ಟಿಗೂ ಹೆಚ್ಚು ಚಿಕ್ಕದು. ಬೋಸರ ನಿಜವಾದ ಹಿರಿಮೆಗೆ ಈ ಎರವಲು ಕಿರೀಟ ಬೇಕಿಲ್ಲ.

ಬೋಸರಿಗೂ ಎಕ್ಸ್-ಕಿರಣಕ್ಕೂ ಇದ್ದ ನಂಟಿಗೆ ಬೇರೊಂದು ಆಧಾರವಿದೆ. 1899ರಲ್ಲಿ ಅವರು ರವೀಂದ್ರನಾಥ ಠಾಕೂರರಿಗೆ ಬರೆದ ಪತ್ರವದು. ಡಾಕ್ಟರ್ ನೀಲರತನ ಸರ್ಕಾರ್ ಅವರ ಕೋರಿಕೆಯಂತೆ, ಬೆನ್ನು ಮುರಿದ ರೋಗಿಯೊಬ್ಬನನ್ನು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬೆಳಿಗ್ಗೆ ರಾಂಟ್ಜನ್ ಯಂತ್ರದಿಂದ ನೋಡಬೇಕಾಗಿದೆ ಎಂಬುದು ಅದರ ಸಾರ. ಇದನ್ನು ಭಾರತದ ಮೊದಲ ವೈದ್ಯಕೀಯ ಎಕ್ಸ್-ರೇ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಬ್ರಿಟಿಷ್ ಭಾರತದ ವಾಯವ್ಯ ಗಡಿಯಲ್ಲಿ ನಡೆದ 1897-98ರ ತೀರಾಹ್ ಸೇನಾ ಕಾರ್ಯಾಚರಣೆಯಲ್ಲೇ ಸೇನೆಯ ವೈದ್ಯ ಬೀವರ್ ಗಾಯಾಳುಗಳ ಮೈಯಲ್ಲಿನ ಗುಂಡುಗಳನ್ನು ಈ ಕಿರಣದಿಂದ ಪತ್ತೆಹಚ್ಚಿದ್ದ.

ಹಾಗಾದರೆ ಪತ್ರದ ಬೆಲೆ ಎಲ್ಲಿದೆ? 'ಬೆನ್ನು' ಎಂಬ ಮಾತಿನಲ್ಲಿ. ಕೈಬೆರಳಿನ ಮೂಳೆಯ ಚಿತ್ರ ತೆಗೆಯಲು ಸಾಧಾರಣ ಎಕ್ಸ್-ಕಿರಣ ನಳಿಗೆಯೂ ಸಾಕು. ಮುಂಡದ ಮಾಂಸ, ಎಲುಬುಗಳನ್ನು ಹಾಯ್ದು ಬೆನ್ನುಮೂಳೆ ಕಾಣಬೇಕಾದರೆ ಕಿರಣದ ಮೂಲ ಬಲವಾಗಿರಬೇಕು, ಚಿತ್ರ ಸ್ಫುಟವಾಗಿರಬೇಕಾದರೆ ಅದು ಚಿಕ್ಕದೂ ಆಗಿರಬೇಕು. ಮೊದಲ ನಳಿಗೆಗಳಲ್ಲಿ ಕಿರಣ ಗಾಜಿನ ಗೋಡೆಯಿಂದ ಹರಡಿಕೊಂಡು ಹೊರಡುತ್ತಿತ್ತು, ನೆರಳಿನ ಅಂಚು ಮಸುಕಾಗುತ್ತಿತ್ತು. 1896ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಹರ್ಬರ್ಟ್ ಜಾಕ್ಸನ್ ಬಟ್ಟಲಿನಂತೆ ತಗ್ಗಾದ ಕ್ಯಾಥೋಡಿನಿಂದ ಹೊರಟ ಕ್ಯಾಥೋಡ್ ಕಿರಣಗಳನ್ನು ಓರೆಯಾಗಿ ನಿಲ್ಲಿಸಿದ ಪ್ಲಾಟಿನಂ ತಗಡಿನ ಒಂದು ಚುಕ್ಕೆಗೆ ಕೂಡಿಸಿದ. ಆದರೆ ಬಿದ್ದ ಶಕ್ತಿಯಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಎಕ್ಸ್-ಕಿರಣವಾಗುತ್ತದೆ, ಉಳಿದದ್ದೆಲ್ಲ ಶಾಖ. ಹೆಚ್ಚು ಬಲ ತುಂಬಿದರೆ ತಗಡು ಕೆಂಪಗೆ ಕಾದು ಕರಗುತ್ತದೆ. ಚಿಕ್ಕ ಜಾಗದಿಂದ ಹೆಚ್ಚು ಬೆಳಕು ಬೇಕೆನ್ನುವ ಇಂದಿನ ಎಕ್ಸ್-ರೇ ಯಂತ್ರ ಕಟ್ಟುವವರೂ ಇದೇ ಶಾಖದೊಡನೆ ಗುದ್ದಾಡುತ್ತಿದ್ದಾರೆ. ಆ ತಗಡಿನ ಜಾಗದಲ್ಲಿರುವ ಆನೋಡನ್ನು ತಿರುಗಿಸುವುದು ಅದಕ್ಕಾಗಿಯೇ.

ಪತ್ರದಲ್ಲಿರುವುದು ಪರೀಕ್ಷೆಯ ಏರ್ಪಾಡಿನ ಮಾತು, ಫಲಿತಾಂಶವಲ್ಲ. ಮುರಿದ ಮೂಳೆ ಬೋಸರಿಗೆ ಕಂಡಿತೆಂದು ಅದರಿಂದ ಸಾಧಿಸಲಾಗದು. ಆದರೂ ಕಲ್ಕತ್ತೆಯ ಒಬ್ಬ ಪಳಗಿದ ವೈದ್ಯ ಬೆನ್ನಿನಂಥ ಕಷ್ಟದ ಜಾಗಕ್ಕೆ ಆ ಯಂತ್ರವನ್ನು ನಂಬಿ ರೋಗಿಯನ್ನು ಕಳಿಸಲು ಸಿದ್ಧರಿದ್ದರು. ನನ್ನ ಮಟ್ಟಿಗೆ ಇದು 'ಮೊದಲಿಗ' ಎಂಬ ಬಿರುದಿಗಿಂತ ದೊಡ್ಡ ಸಾಕ್ಷ್ಯ.

ಪಾರ್ಕ್ ಸ್ಟ್ರೀಟಿಗೆ ಈ ಕಥೆಯಲ್ಲಿ ಸಲ್ಲಬೇಕಾದ ಗೌರವವೂ ಬೇರೆಯೇ. ಅಲ್ಲಿನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಯೂಜೀನ್ ಲಾಫೋಂ ಬೋಸರಿಗೆ ಪ್ರಯೋಗ ಮಾಡಿ ತೋರಿಸಿ ಭೌತವಿಜ್ಞಾನ ಕಲಿಸಿದರು. ನಮ್ಮ ಬರಹಗಳು ಈ ಗುರುವನ್ನು ಅರ್ಧ ಸಾಲಿನಲ್ಲಿ ಮುಗಿಸುತ್ತವೆ. ಮುಂದೆ ಬರೆಯುವವರು 1895ರ ಪ್ರಬಂಧವನ್ನೂ 1899ರ ಪತ್ರವನ್ನೂ ಬೆರೆಸದೆ, ಎರಡನ್ನೂ ಬೇರೆ ಬೇರೆಯಾಗಿ ಓದಲಿ.