ಡಯಾಲಿಸಿಸ್ ಕೋಣೆಗೆ ಮನೋವೈದ್ಯ ಬಂದ ದಾರಿ

1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ತೋಳಿಗೆ ಟೆಫ್ಲಾನ್ ಕೊಳವೆ ಕೂರಿಸಿ, ಅದನ್ನು ಅಲ್ಲೇ ಉಳಿಸಿದರು. ಡಯಾಲಿಸಿಸ್ ನಂಬಿ ವರ್ಷಗಟ್ಟಲೆ ಬದುಕುವುದು ಸಾಧ್ಯವಾದದ್ದು ಆಮೇಲೆ. ಯಂತ್ರಗಳು ಮಾತ್ರ ಬೆರಳೆಣಿಕೆಯಷ್ಟು. ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಅಲ್ಲೊಂದು ನಾಗರಿಕರ ಸಮಿತಿಯೇ ಇತ್ತು. 1962ರಲ್ಲಿ ‘ಲೈಫ್’ ಪತ್ರಿಕೆ ಅದರ ಬಗ್ಗೆ ಬರೆದ ಮೇಲೆ ದೊಡ್ಡ ವಿವಾದವಾಯಿತು. ಮನೋವೈದ್ಯರನ್ನು ಮೊದಲು ಕರೆಸಿದ್ದೂ ಈ ಆಯ್ಕೆಗಾಗಿಯೇ. ಈತ ತಡೆದುಕೊಂಡಾನೇ, ಪಥ್ಯ ಮಾಡಿಯಾನೇ ಎಂದು ನೋಡಿ ಹೇಳಬೇಕಿತ್ತು. ಡಯಾಲಿಸಿಸ್ ರೋಗಿಗಳ ಮನೋವೈದ್ಯಕೀಯವು ಸಾಂತ್ವನಕ್ಕಿಂತ ಮೊದಲು ಜರಡಿ ಹಿಡಿದು ಬಂದ ಶಾಖೆ ಎಂಬುದು ನನಗೆ ಇಂದಿಗೂ ಇರುಸುಮುರುಸಿನ ಸಂಗತಿ.

1972ರ ಕಾಯ್ದೆಯಿಂದ ಅಲ್ಲಿನ ಸರ್ಕಾರವೇ ಖರ್ಚು ಹೊತ್ತಾಗ ಜರಡಿಯ ಅಗತ್ಯ ತಪ್ಪಿತು. ಆ ಹೊತ್ತಿಗೆ ಮನೋವೈದ್ಯ ಹ್ಯಾರಿ ಏಬ್ರಮ್ ರೋಗಿಗಳ ಆತ್ಮಹತ್ಯೆಯ ಕುರಿತು ಬರೆದಾಗಿತ್ತು. ಬೇಕೆಂದೇ ಪಥ್ಯ ಮುರಿದು, ಚಿಕಿತ್ಸೆ ಬಿಟ್ಟು ಸತ್ತವರನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದರು. ವೈದ್ಯರಾದ ನಾರ್ಮನ್ ಲೆವಿ ಮತ್ತು ರೈಕ್ಸ್‌ಮನ್ 25 ರೋಗಿಗಳನ್ನು ನಾಲ್ಕು ವರ್ಷ ಗಮನಿಸಿ ಕಂಡದ್ದು ಇನ್ನೊಂದು: ಮೊದಮೊದಲು ಬದುಕಿಕೊಂಡೆನೆಂಬ ಹಿಗ್ಗು, ಆಮೇಲೆ ಕುಸಿತ, ನಿಧಾನಕ್ಕೆ ಒಂದು ಬಗೆಯ ಹೊಂದಾಣಿಕೆ. ಹಿಗ್ಗು ಇಳಿಯುವ ಹೊತ್ತಿಗೆ ಮನೆಯವರೂ ದಣಿದಿರುತ್ತಾರೆ. ರೋಗಿಗೂ ಮನೆಯವರಿಗೂ ಆಸರೆಯಾಗಲು 1976ರ ನಿಯಮದಂತೆ ಅಮೆರಿಕದ ಡಯಾಲಿಸಿಸ್ ಕೇಂದ್ರಗಳಲ್ಲಿ ತರಬೇತಾದ ಸಮಾಜ ಕಾರ್ಯಕರ್ತರು ಇರಲೇಬೇಕಾಯಿತು. ನನ್ನ ಮಟ್ಟಿಗೆ ಯಾವ ಸಂಶೋಧನೆಗಿಂತಲೂ ದೊಡ್ಡ ಹೆಜ್ಜೆ ಅದು.

ಕುಸಿತ ಯಾಕೆಂದು ಕೇಳಬೇಕಿಲ್ಲ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿದ ಫಿಸ್ಟುಲಾದ ಕೈ ಅಲುಗಾಡಿಸುವಂತಿಲ್ಲ. ಹೋದ ಕೂಡಲೇ ತೂಕ ನೋಡುತ್ತಾರೆ. ಮೂರು ಕೆಜಿ ಏರಿದ್ದರೆ “ನೀರು ಜಾಸ್ತಿ ಕುಡಿದ್ರಾ?” ಎಂಬ ಗದರಿಕೆ. ಎಳನೀರು, ಬಾಳೆಹಣ್ಣು ಬೇಡ. ಬೇಸಿಗೆಯಲ್ಲೂ ಲೋಟ ಅಳೆದೇ ಕುಡಿಯಬೇಕು.

ಖಿನ್ನತೆಯನ್ನು ಅಳೆಯುವುದೇ ಇಲ್ಲಿ ತೊಡಕು. ಸುಸ್ತು, ನಿದ್ರೆ ಬಾರದಿರುವುದು, ಊಟ ಸೇರದಿರುವುದು ಕಿಡ್ನಿ ಕೆಟ್ಟಾಗಲೂ ಇರುತ್ತವೆ, ಮನಸ್ಸು ಕೆಟ್ಟಾಗಲೂ ಇರುತ್ತವೆ. 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ರೋಗಿಗಳೇ ತುಂಬಿದ ಪ್ರಶ್ನಾವಳಿಗಳ ಪ್ರಕಾರ ಡಯಾಲಿಸಿಸ್‌ನಲ್ಲಿರುವವರಲ್ಲಿ ಸುಮಾರು 39 ಶೇಕಡ ಮಂದಿಗೆ ಖಿನ್ನತೆ. ಎದುರು ಕೂತು ಮಾತಾಡಿಸಿದಾಗ ಸುಮಾರು 23 ಶೇಕಡ.

ಚಿಕಿತ್ಸೆಯ ಪುರಾವೆ ಬಂದದ್ದು ತೀರಾ ಈಚೆಗೆ. 2014ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕ್ಯೂಕರ್ ಅವರ ತಂಡ ಯಂತ್ರ ಓಡುತ್ತಿರುವಾಗಲೇ ಪಕ್ಕದಲ್ಲಿ ಕೂತು ಮಾತಿನ ಚಿಕಿತ್ಸೆ ಕೊಟ್ಟಿತು. ಖಿನ್ನತೆ ಇಳಿದದ್ದಲ್ಲದೆ ನೀರಿನ ಮಿತಿಯನ್ನೂ ರೋಗಿಗಳು ಚೆನ್ನಾಗಿ ಪಾಲಿಸಿದರು. ಗದರಿಕೆಯಿಂದ ಆಗದ್ದು ಮಾತಿನಿಂದ ಆಯಿತು. 2019ರಲ್ಲಿ 120 ರೋಗಿಗಳ ಇನ್ನೊಂದು ಪ್ರಯೋಗ ಇದೇ ಚಿಕಿತ್ಸೆಯನ್ನು ಖಿನ್ನತೆಗೆ ಕೊಡುವ ಸರ್ಟ್ರಲೀನ್ ಮಾತ್ರೆಯೊಂದಿಗೆ ಹೋಲಿಸಿತು. ಮಾತ್ರೆ ತುಸು ಮೇಲೆನಿಸಿತು, ಅಡ್ಡಪರಿಣಾಮಗಳೂ ಅದರಲ್ಲೇ ಹೆಚ್ಚು.

ನಮ್ಮಲ್ಲಿ 2016ರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಯಂತ್ರಗಳು ಜಿಲ್ಲಾ ಆಸ್ಪತ್ರೆಗಳತ್ತ ಬಂದವು. 2022ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವಾಗಿ, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಶುರುವಾಯಿತು. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಸೂಜಿ ಚುಚ್ಚುವ, ಬಿಪಿ ನೋಡುವ ನಡುವೆ ರೋಗಿಯ ಕಷ್ಟಸುಖ ಕೇಳಿಸಿಕೊಳ್ಳುವವರು ಟೆಕ್ನಿಷಿಯನ್‌ಗಳೇ. ತೂಕದ ಜತೆಗೆ ಮನಸ್ಸು ಹೇಗಿದೆಯೆಂದು ಎರಡು ಪ್ರಶ್ನೆ ಕೇಳಿ, ಬೇಕಾದವರನ್ನು ಮನೋವೈದ್ಯರ ಬಳಿ ಕಳಿಸುವ ತರಬೇತಿ ಮೊದಲು ಸಿಗಬೇಕಾದದ್ದು ಅವರಿಗೆ.