ಪುಗಸಟ್ಟೆ ಹಾಸಿಗೆಯ ಬಿಲ್ ಕಟ್ಟಿದ್ದು ಯಾರು? ತುಮಕೂರು ರಸ್ತೆಯಿಂದ ಮೆಜೆಸ್ಟಿಕ್‌ವರೆಗೆ ಒಂದು ಛತ್ರದ ಕಥೆ



ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಬೆಂಗಳೂರಲ್ಲಿ ಯಾರಾದ್ರೂ 'ಹೋಟೆಲಿಗೆ ಹೋಗಿದ್ದೆ' ಅಂದ್ರೆ ನಿಮ್ಮ ಕಣ್ಣ ಮುಂದೆ ಏನ್ ಬರುತ್ತೆ? ಮಸಾಲೆ ದೋಸೆ, ಅಲ್ವಾ? ಹಾಸಿಗೆ, ದಿಂಬು ಬರಲ್ಲ. ಹೋಟೆಲ್ ಅಂದ್ರೆ ನಮಗೆ ತಿನ್ನೋ ಜಾಗ. ಮಲಗೋ ಜಾಗಕ್ಕೆ ಲಾಡ್ಜ್ ಅಂತೀವಿ, ಅದನ್ನೂ ಸ್ವಲ್ಪ ದನಿ ತಗ್ಗಿಸಿ. ಸರಿ, ಛತ್ರ ಅಂದ್ರೆ? ಮದುವೆ, ವಾಲಗ, ಎರಡನೇ ಪಂಕ್ತಿಗೆ ಕಾಯೋದು.

ಆದ್ರೆ ನೂರು ಚಿಲ್ಲರೆ ವರ್ಷದ ಹಿಂದೆ ಛತ್ರ ಅಂದ್ರೆ ಮೊದಲಿಗೆ ಮದುವೆ ಮನೆ ಅಲ್ಲ. ಊರಿಂದ ಬಂದವನು ಗಂಟು ಇಳಿಸಿ, ಕಾಲು ತೊಳೆದು, ಭಯ ಇಲ್ಲದೆ ಕಣ್ಣು ಮುಚ್ಚೋ ಜಾಗ. ಅದೂ ಕಾಸಿಲ್ಲದೆ. ಆ ಅರ್ಥ ಎಲ್ಲಿಂದ ಬಂತು, ಎಲ್ಲಿ ಹೋಯ್ತು ಅನ್ನೋದೇ ಇವತ್ತಿನ ಕಥೆ.

ಎಂಟನೇ ಮೈಲಿಯ ಲೆಕ್ಕ

ನಾನಿರೋದು ನಾಗಸಂದ್ರದಲ್ಲಿ. ನಮ್ಮ ಮೆಟ್ರೋ ಸ್ಟೇಷನ್ ಶುರುವಾಗಿದ್ದು 2015ರ ಮೇ 1ರಂದು. 2024ರ ನವೆಂಬರ್ 7ರಂದು ಮಾದಾವರದವರೆಗೆ ಲೈನ್ ತೆರೆಯೋವರೆಗೂ ಹಸಿರು ಮಾರ್ಗದ ಕೊನೇ ನಿಲ್ದಾಣ ಇದೇ. ಒಂಬತ್ತು ವರ್ಷ ಚಿಲ್ಲರೆ ಕಾಲ ತುಮಕೂರು ಕಡೆಯಿಂದ ಬಂದವರು ಇಲ್ಲಿ ಬಸ್ಸಿಳಿದು, ಬ್ಯಾಗ್ ಎಳ್ಕೊಂಡು ಮೆಟ್ರೋ ಮೆಟ್ಟಿಲು ಹತ್ತೋದನ್ನ ದಿನಾ ನೋಡಿದೀನಿ. ಊರು ಸೇರೋ ಬಾಗಿಲು ಇದು.

ಪಕ್ಕದ ಸ್ಟಾಪಿನ ಹೆಸರು ನೋಡಿ: ಎಂಟನೇ ಮೈಲಿ. ಇವತ್ತು ಅದು ಬರೀ ಬಸ್ ಸ್ಟಾಪ್. ಎತ್ತಿನ ಗಾಡಿ ಕಾಲದಲ್ಲಿ ಮೈಲಿ ಅನ್ನೋದು ಎತ್ತಿನ ಉಸಿರಿನ ಲೆಕ್ಕ. ಹೊರೆ ತುಂಬಿದ ಗಾಡಿ ಗಂಟೆಗೆ ಮೂರ್ನಾಲ್ಕು ಕಿಲೋಮೀಟರ್ ಹೋದ್ರೆ ಹೆಚ್ಚು. ಬೆಂಗಳೂರಿಂದ ತುಮಕೂರು ಸುಮಾರು 70 ಕಿಲೋಮೀಟರ್. ಅಂದ್ರೆ ದಾರಿಯಲ್ಲಿ ಒಂದೆರಡು ರಾತ್ರಿ ಕಳೀಲೇಬೇಕು. ಎತ್ತಿಗೆ ನೀರು ಬೇಕು, ಸಾಮಾನಿಗೆ ಕಾವಲು ಬೇಕು, ಮನುಷ್ಯನಿಗೆ ಮಲಗೋಕೆ ಒಂದು ಜಗಲಿ ಬೇಕು.

ಈ ಜಗಲಿ ಕೊಡೋ ಕೆಲಸವನ್ನ ನಮ್ಮ ನಾಡಿನಲ್ಲಿ ತುಂಬಾ ಹಿಂದಿನಿಂದ ಧರ್ಮದ ಲೆಕ್ಕದಲ್ಲಿ ಇಟ್ಟಿದ್ರು. ಕೆರೆ ಕಟ್ಟಿಸು, ಬಾವಿ ತೋಡಿಸು, ಅರವಟ್ಟಿಗೆ ಇಡು, ಸತ್ರ ಕಟ್ಟಿಸು ಅಂತ. ಈ 'ಸತ್ರ'ವೇ ಬಾಯಿಂದ ಬಾಯಿಗೆ 'ಛತ್ರ' ಆಗಿದ್ದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಕೋಡಿಯ ಮಠ ಅಂತ ಒಂದಿತ್ತು. ಈಗಿನ ಕೇದಾರೇಶ್ವರ ದೇವಸ್ಥಾನದ ಜಾಗ. ಅಲ್ಲಿನ 1162ರ ಶಾಸನ ಆ ಮಠದಲ್ಲಿ ಏನೇನು ನಡೀತಿತ್ತು ಅಂತ ಪಟ್ಟಿ ಕೊಡುತ್ತೆ. ವೇದ, ವ್ಯಾಕರಣದ ಪಾಠ ಇದೆ. ಜೊತೆಗೆ ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡೋರಿಗೆ, ಬಾರಿಸೋರಿಗೆ ಅನ್ನದಾನ ಇದೆ. ರೋಗಿಗಳಿಗೆ ಔಷಧಿ ಇದೆ. ಒಂದೇ ಕಾಂಪೌಂಡಿನಲ್ಲಿ ಕಾಲೇಜು, ಮೆಸ್ಸು, ಕ್ಲಿನಿಕ್ಕು. 860 ವರ್ಷಕ್ಕೂ ಹಿಂದೆ.

ರೈಲು ಬಂತು, ರಾತ್ರಿ ಬದಲಾಯ್ತು

ಈಗ 1880ರ ದಶಕಕ್ಕೆ ಬರೋಣ. ಬೆಂಗಳೂರಿಂದ ತುಮಕೂರು ಕಡೆಗೆ ರೈಲು ಬಂತು, ನಮ್ಮ ಪಕ್ಕದ ಚಿಕ್ಕಬಾಣಾವರದ ಮೇಲೆ ಹಾದುಹೋಗೋ ಇವತ್ತಿನ ಲೈನ್ ಅದೇ. ದಾರಿಯಲ್ಲಿ ರಾತ್ರಿ ಕಳೆಯೋ ಕಷ್ಟ ತಪ್ಪಿತು. ಆದ್ರೆ ಕಷ್ಟ ಮಾಯ ಆಗಲಿಲ್ಲ, ಜಾಗ ಬದಲಾಯಿಸ್ತು. ಮೊದಲು ಜನ ಹಾದಿಯುದ್ದಕ್ಕೂ ಹಂಚಿಹೋಗಿ ಮಲಗ್ತಿದ್ರು. ಈಗ ಎಲ್ಲರೂ ಒಂದೇ ಕಡೆ ಬಂದಿಳಿಯೋಕೆ ಶುರುವಾದ್ರು, ರೈಲ್ವೆ ಸ್ಟೇಷನ್ ಮುಂದೆ. ಕೋರ್ಟ್ ಕೇಸಿಗೆ ಬಂದವನು, ಮಗನ್ನ ಕಾಲೇಜಿಗೆ ಸೇರಿಸೋಕೆ ಬಂದವನು, ಸಂತೆಗೆ ಸಾಮಾನು ತರೋನು. ಊರಲ್ಲಿ ನೆಂಟರಿದ್ರೆ ಸರಿ. ಇಲ್ಲದಿದ್ರೆ?

ಈ 'ಇಲ್ಲದಿದ್ರೆ?' ಅನ್ನೋ ಪ್ರಶ್ನೆಗೆ ಉತ್ತರ ಕಟ್ಟಿದವರು ಅದೇ ಲೈನಿನ ಮೇಲಿರೋ ಒಂದು ಊರಿನವರು. ಗುಬ್ಬಿಯಲ್ಲಿ 1838ರಲ್ಲಿ ಹುಟ್ಟಿ, ಬೆಂಗಳೂರಿಗೆ ಬಂದು, ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿದ ತೋಟದಪ್ಪ. 1897ರಲ್ಲಿ ಅವರು ಸ್ಟೇಷನ್ ಹತ್ತಿರ ಎರಡೂವರೆ ಎಕರೆ ಜಾಗವನ್ನ ರೈಲ್ವೆಯವರಿಂದ 10,000 ರೂಪಾಯಿಗೆ ಕೊಂಡ್ರು. ಅಲ್ಲಿ ಪ್ರಯಾಣಿಕರಿಗೆ ಧರ್ಮಛತ್ರ, ಓದೋ ಹುಡುಗರಿಗೆ ಉಚಿತ ವಿದ್ಯಾರ್ಥಿ ನಿಲಯ ಶುರುಮಾಡಿದ್ರು.

ನಾನು ಓದಿದ್ದು ಬಿಕಾಂ. ಹಾಗಾಗಿ ಈ ಕಥೆ ಓದುವಾಗ ನನ್ನ ಕಣ್ಣು ಮೊದಲು ಹೋಗಿದ್ದು ಜಾಗದ ಆಯ್ಕೆಗೆ. ಒಬ್ಬ ವ್ಯಾಪಾರಿ ದಾನ ಮಾಡುವಾಗಲೂ ವ್ಯಾಪಾರಿ ಥರಾನೇ ಯೋಚನೆ ಮಾಡಿದಾರೆ. ಗಿರಾಕಿ ಎಲ್ಲಿ ಇಳೀತಾನೋ ಅಲ್ಲೇ ಅಂಗಡಿ ಇಡಬೇಕು. ಊರಾಚೆ ಅಗ್ಗದ ಜಾಗ ಬೇಕಾದಷ್ಟು ಸಿಗ್ತಿತ್ತು. ಆದ್ರೆ ಕತ್ತಲಲ್ಲಿ ರೈಲಿಳಿದ ಅಪರಿಚಿತನಿಗೆ ಊರಾಚೆಯ ಛತ್ರ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ.

ದಿಂಬಿಗಿಂತ ದೊಡ್ಡದು

ಒಂದು ಜಾಗದಲ್ಲಿ ನೆಮ್ಮದಿಯಾಗಿ ನಿದ್ದೆ ಬರುತ್ತೆ ಅಂದ್ರೆ ಅದಕ್ಕೆ ಕಾರಣ ಹಾಸಿಗೆ ಒಂದೇನಾ? 2016ರಲ್ಲಿ ಅಮೆರಿಕದ ಬ್ರೌನ್ ಯೂನಿವರ್ಸಿಟಿಯವರು ಒಂದು ಅಧ್ಯಯನ ಮಾಡಿದ್ರು. ಹೊಸ ಜಾಗದಲ್ಲಿ ಮೊದಲ ರಾತ್ರಿ ಮಲಗಿದಾಗ ನಮ್ಮ ಮಿದುಳಿನ ಒಂದು ಬದಿ ಇನ್ನೊಂದು ಬದಿಯಷ್ಟು ಗಾಢವಾಗಿ ಮಲಗಲ್ಲ, ಸಣ್ಣ ಸದ್ದಿಗೂ ಎಚ್ಚರ ಆಗುತ್ತೆ ಅಂತ ಅದರಲ್ಲಿ ಗೊತ್ತಾಯ್ತು. ಅಂದ್ರೆ ಹೊಸ ಜಾಗದಲ್ಲಿ ನಮ್ಮೊಳಗೇ ಒಬ್ಬ ವಾಚ್‌ಮನ್ ಡ್ಯೂಟಿಗೆ ಹಾಜರ್.

ಒಳ್ಳೆ ಹೋಟೆಲ್ ಮಾಡೋ ಕೆಲಸ ಈ ವಾಚ್‌ಮನ್‌ಗೆ 'ನೀನೂ ಮಲಗು ಮಾರಾಯ, ನಾವಿದೀವಿ' ಅಂತ ಹೇಳೋದು. ಬಾಗಿಲಲ್ಲಿ 'ಬನ್ನಿ' ಅನ್ನೋ ಒಂದು ಮಾತು, ಸರಿಯಾಗಿ ಬೀಳೋ ಚಿಲಕ, ರಾತ್ರಿ ಹನ್ನೊಂದಕ್ಕೂ ಸಿಗೋ ಬಿಸಿನೀರು. ಫೈವ್ ಸ್ಟಾರ್ ಆದ್ರೂ, ಛತ್ರದ ಚಾಪೆ ಆದ್ರೂ ಸೂತ್ರ ಒಂದೇ.

ಅದೇ ಕಾಲದ ಇನ್ನೊಂದು ಮಾದರಿ ನೋಡೋಣ. ಸ್ಟೇಷನ್‌ಗೆ ದೂರ ಇಲ್ಲ, ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್. 1887ರಲ್ಲಿ ಬ್ರಾನ್ಸನ್ ಅನ್ನೋ ಮನೆತನದ ಬೋರ್ಡಿಂಗ್ ಹೌಸ್ ಆಗಿ ಶುರುವಾಗಿದ್ದು, 1912ರಲ್ಲಿ ಸ್ಪೆನ್ಸರ್ಸ್ ಕಂಪನಿ ಕೈಗೆ ಬಂತು. ಛತ್ರಕ್ಕಿಂತ ಹಳೇದು. ಅಲ್ಲಿ ಅತಿಥಿ ದುಡ್ಡು ಕೊಟ್ಟು ನೆಮ್ಮದಿ ಕೊಳ್ತಾನೆ. ಮೂರನೇ ಮಾದರಿ ಸರ್ಕಾರದ್ದು, ಟ್ರಾವೆಲರ್ಸ್ ಬಂಗಲೆ. ದೊಡ್ಡಬಳ್ಳಾಪುರದಲ್ಲಿ ಟಿ.ಬಿ. ಸರ್ಕಲ್ ಅಂತ ಇದೆಯಲ್ಲ, ಆ ಟಿ.ಬಿ. ಕಾಯಿಲೆ ಅಲ್ಲ, ಈ ಬಂಗಲೆ. ಸಾಹೇಬರು, ಅಧಿಕಾರಿಗಳು ಕ್ಯಾಂಪಿಗೆ ಬಂದಾಗ ಉಳ್ಕೊಳ್ಳೋ ಜಾಗ.

ಒಂದರಲ್ಲಿ ಬಿಲ್ ಕಟ್ಟೋನು ಅತಿಥಿ. ಇನ್ನೊಂದರಲ್ಲಿ ಸರ್ಕಾರ. ಹಾಗಾದ್ರೆ ಛತ್ರದಲ್ಲಿ?

ಪುಗಸಟ್ಟೆ ಅನ್ನೋದು ಇಲ್ಲ

ಕಾಮರ್ಸ್ ಮೇಷ್ಟ್ರು ಮೊದಲ ಕ್ಲಾಸಲ್ಲೇ ಹೇಳ್ತಾರೆ, ಪ್ರತಿ ಡೆಬಿಟ್‌ಗೂ ಎಲ್ಲೋ ಒಂದು ಕ್ರೆಡಿಟ್ ಇರಲೇಬೇಕು ಅಂತ. ಉಚಿತ ಹಾಸಿಗೆಗೂ ಅಷ್ಟೇ. ಎಣ್ಣೆ, ಪೊರಕೆ, ಬಾವಿ ಹಗ್ಗ, ಕಾವಲುಗಾರನ ಸಂಬಳ, ಹೆಂಚು ಒಡೆದ್ರೆ ರಿಪೇರಿ. ಒಂದು ಸಲ ಕಟ್ಟಡ ಕಟ್ಟಿಸಿ ಕೈ ತೊಳೆದ್ರೆ ಹತ್ತು ವರ್ಷಕ್ಕೆ ಅದು ಹಾಳುಬಿದ್ದ ಮಂಟಪ.

ಛತ್ರ ಉಳೀಬೇಕು ಅಂದ್ರೆ ಅದಕ್ಕೊಂದು ದುಡಿಯೋ ಆಸ್ತಿ ಬೇಕು. ಹಳೇ ಶಾಸನಗಳಲ್ಲಿ ಅದಕ್ಕೆ ಗದ್ದೆ ಬಿಡ್ತಿದ್ರು. ಪೇಟೆಯಲ್ಲಿ ಅಂಗಡಿ ಮಳಿಗೆ ಬಾಡಿಗೆ, ಠೇವಣಿಯ ಬಡ್ಡಿ. ಅಸಲು ಮುಟ್ಟೋ ಹಾಗಿಲ್ಲ, ಬಡ್ಡಿಯಲ್ಲಿ ಧರ್ಮ ನಡೀಬೇಕು. ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ತಮ್ಮ ಆಸ್ತಿಯನ್ನ ಅವರು ಧರ್ಮಸಂಸ್ಥೆಗೆ ಬಿಟ್ರು. ಅದರ ಹೊಣೆ ಹೊತ್ತವರು ಕೆ.ಪಿ. ಪುಟ್ಟಣ್ಣ ಚೆಟ್ಟಿ. ಹೌದು, ನಮ್ಮ ಟೌನ್ ಹಾಲ್‌ಗೆ ಹೆಸರಿರೋದು ಅವರದ್ದೇ. ಬ್ರಿಟಿಷರು ತೋಟದಪ್ಪನವರಿಗೆ ರಾವ್ ಬಹದ್ದೂರ್ ಅಂದ್ರು, ನಾಲ್ವಡಿ ಕೃಷ್ಣರಾಜ ಒಡೆಯರು ಧರ್ಮಪ್ರವರ್ತ ಅಂದ್ರು. 1910ರಲ್ಲಿ ಅವರು ತೀರಿಕೊಂಡ್ರು. ದಾನಿ ಹೋದ್ರು, ಲೆಕ್ಕದ ಪುಸ್ತಕ ನಿಲ್ಲಲಿಲ್ಲ.

ಈ ಪುಸ್ತಕದಲ್ಲಿ ಬರೆಯದ ಒಂದು ಎಂಟ್ರಿ ಹೇಳ್ತೀನಿ. 1927ರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದ ಒಬ್ಬ ಹುಡುಗ ಸೆಂಟ್ರಲ್ ಕಾಲೇಜಿಗೆ ಸೇರಿದ. ಉಳ್ಕೊಂಡಿದ್ದು ತೋಟದಪ್ಪನವರ ವಿದ್ಯಾರ್ಥಿ ನಿಲಯದಲ್ಲಿ. ಮುಂದೆ ಅವರೇ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ. 2019ರ ಜನವರಿಯಲ್ಲಿ, 111ನೇ ವಯಸ್ಸಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ ಮಠದಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಉಚಿತ. ಗುಬ್ಬಿಯವರು ಬೆಂಗಳೂರಲ್ಲಿ ಹಾಕಿದ ಒಂದು ಚಾಪೆ, ತುಮಕೂರಿನ ಹತ್ತಿರ ಸಾವಿರಾರು ಚಾಪೆ ಆಯ್ತು. ನಮ್ಮ ನಾಗಸಂದ್ರದ ಮುಂದಿನ ಇದೇ ರಸ್ತೆಯ ಎರಡು ತುದಿ.

'ಬನ್ನಿ' ಅಂದಿದ್ದು ಯಾರಿಗೆ?

ಇಲ್ಲಿಗೆ ಕಥೆ ಮುಗಿಸಿದ್ರೆ ಚೆನ್ನಾಗಿರುತ್ತೆ, ಆದ್ರೆ ಪೂರ್ತಿ ಆಗಲ್ಲ. ಆ ಕಾಲದ ಛತ್ರಗಳಲ್ಲಿ, ಹೋಟೆಲುಗಳಲ್ಲಿ ಸ್ವಾಗತ ಎಲ್ಲರಿಗೂ ಒಂದೇ ಥರ ಇರಲಿಲ್ಲ. ಎಷ್ಟೋ ಛತ್ರಗಳು ಒಂದೊಂದು ಜಾತಿಗೆ ಮೀಸಲು. ಅಡುಗೆ ಬೇರೆ, ಪಂಕ್ತಿ ಬೇರೆ, ಬಾವಿ ಬೇರೆ. 1924ರಲ್ಲಿ ಶುರುವಾದ ನಮ್ಮೆಲ್ಲರ ಪ್ರೀತಿಯ ಎಂಟಿಆರ್‌ನ ಮೊದಲ ಹೆಸರೇ ಬ್ರಾಹ್ಮಣ ಕಾಫಿ ಕ್ಲಬ್. ದಲಿತ ಪ್ರಯಾಣಿಕನಿಗೆ ಎಷ್ಟೋ ಊರಿನ ಛತ್ರದ ಬಾಗಿಲು ಇರೋದೇ ಮುಚ್ಚೋಕೆ. ಕಾಸಿದ್ರೂ ಹಾಸಿಗೆ ಇಲ್ಲ.

ಅದಕ್ಕೇ ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಹೋಟೆಲ್ ಅನ್ನೋ ಪದ ಹೆಸರು ಹಿಡಿದು ಬಂದಿದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗದ ಕಾರಣಕ್ಕೆ ಅಂಗಡಿ, ಹೋಟೆಲ್, ಸಾರ್ವಜನಿಕ ಬಾವಿ, ಕೆರೆಗೆ ಯಾರನ್ನೂ ತಡೆಯೋ ಹಾಗಿಲ್ಲ. ದೇಶ ಕಟ್ಟೋ ಪುಸ್ತಕದಲ್ಲಿ ಹೋಟೆಲಿಗೆ ಯಾಕೆ ಜಾಗ ಅಂತ ಅನ್ನಿಸಬಹುದು. ರಾತ್ರಿ ಒಂಬತ್ತಕ್ಕೆ ಗೊತ್ತಿಲ್ಲದ ಊರಲ್ಲಿ 'ರೂಮ್ ಇಲ್ಲ' ಅನ್ನಿಸಿಕೊಂಡವರಿಗೆ ಅದು ಕೂಡಲೇ ಅರ್ಥ ಆಗುತ್ತೆ.

ಇವತ್ತಿಗೂ ಆ ಮಾತು ಬೇರೆ ವೇಷದಲ್ಲಿ ಬರುತ್ತೆ. 'ಲೋಕಲ್ ಐಡಿ ಆಗಲ್ಲ.' 'ಒಬ್ಬರೇ ಲೇಡೀಸ್‌ಗೆ ಕೊಡಲ್ಲ.' 'ಮದುವೆ ಆಗಿದ್ಯಾ?' ಮದುವೆ ಆಗದ ಜೋಡಿ ಹೋಟೆಲಲ್ಲಿ ಉಳಿಯೋದನ್ನ ತಡೆಯೋ ಕಾನೂನೇ ಇಲ್ಲ ಅಂತ ಮದ್ರಾಸ್ ಹೈಕೋರ್ಟ್ 2019ರಲ್ಲೇ ಹೇಳಿದೆ. ಆದ್ರೂ ರಿಸೆಪ್ಷನ್ ಕೌಂಟರ್‌ನಲ್ಲಿ ಇನ್ನೊಂದು ಕೋರ್ಟ್ ನಡೀತಾನೇ ಇರುತ್ತೆ.

ಛತ್ರ ಮದುವೆ ಮನೆ ಆಗಿದ್ದು

ಸರಿ, ಛತ್ರದ ಅರ್ಥ ಯಾಕೆ ಬದಲಾಯ್ತು? ನನಗೆ ಕಾಣೋ ಉತ್ತರ ಸಿಂಪಲ್. ಬಡ್ಡಿ, ಬಾಡಿಗೆ ಬೆಳೆದಿದ್ದು ನಿಧಾನ. ಊರು, ಖರ್ಚು ಬೆಳೆದಿದ್ದು ಜೋರು. ಪ್ರಯಾಣಿಕ ಕೊಡೋದು ಏನೂ ಇಲ್ಲ, ಇಲ್ಲಾ ಅಲ್ಪ ಸ್ವಲ್ಪ. ಮದುವೆ ಪಾರ್ಟಿ ಎರಡು ದಿನಕ್ಕೆ ಕೊಡೋದು ದೊಡ್ಡ ಮೊತ್ತ. ದೊಡ್ಡ ಹಾಲ್, ದೊಡ್ಡ ಅಡುಗೆಮನೆ, ಹತ್ತಾರು ರೂಮು ಛತ್ರದಲ್ಲಿ ಮೊದಲೇ ಇತ್ತು. ಅಪರಿಚಿತನ ಜಾಗಕ್ಕೆ ನೆಂಟರು ಬಂದು ಕೂತ್ರು. ಪ್ರಯಾಣಿಕ ಲಾಡ್ಜಿಗೆ ಹೋದ, ಅವನ ಮೊಮ್ಮಗ ಆ್ಯಪ್‌ಗೆ ಬಂದ.

ಅಗ್ಗದ ಹಾಸಿಗೆಗೆ ಸರ್ಕಾರದ ಲೆಕ್ಕದಲ್ಲೂ ಒಂದು ರಿಯಾಯಿತಿ ಇತ್ತು. ದಿನಕ್ಕೆ 1,000 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೆ 12 ಪರ್ಸೆಂಟ್ ಬಂತು, 2025ರ ಸೆಪ್ಟೆಂಬರ್‌ನಲ್ಲಿ 5ಕ್ಕೆ ಇಳೀತು. ಸಣ್ಣ ಮೊತ್ತ ಅನ್ನಿಸಬಹುದು. ಆದ್ರೆ 800 ರೂಪಾಯಿ ರೂಮು ಹುಡುಕೋನು ಟೂರಿಸ್ಟ್ ಅಲ್ಲ. ಇಂಟರ್‌ವ್ಯೂಗೆ ಬಂದವನು, ನಿಮ್ಹಾನ್ಸ್‌ಗೋ ಕಿದ್ವಾಯಿಗೋ ಅಪ್ಪನ್ನ ಕರ್ಕೊಂಡು ಬಂದವಳು. ತೋಟದಪ್ಪನವರ ಗಿರಾಕಿಗಳೇ ಇವರು. ಅವರು ಎಲ್ಲೂ ಹೋಗಿಲ್ಲ, ಈಗಲೂ ಪ್ರತಿ ರೈಲಲ್ಲೂ ಇಳೀತಿದಾರೆ.

ನಮ್ಮಲ್ಲಿ 'ಛತ್ರದಲ್ಲಿ ಊಟ, ಮಠದಲ್ಲಿ ನಿದ್ದೆ' ಅಂತ ಗಾದೆ ಇದೆ. ಬೇಜವಾಬ್ದಾರಿ ಮನುಷ್ಯನನ್ನ ಆಡಿಕೊಳ್ಳೋಕೆ ಹೇಳೋದು. ನನಗೆ ಅದು ಈಗ ಬೇರೆ ಥರ ಕೇಳ್ಸುತ್ತೆ. ಯಾರೂ ಇಲ್ಲದವನಿಗೂ ಒಂದು ಊಟ, ಒಂದು ನಿದ್ದೆ ಗ್ಯಾರಂಟಿ ಇದ್ದ ಸಮಾಜವೇ ಇಂಥಾ ಗಾದೆ ಕಟ್ಟೋಕೆ ಸಾಧ್ಯ.

ಒಂದು ಹೋಮ್‌ವರ್ಕ್ ಕೊಡ್ತೀನಿ. ನಾಗಸಂದ್ರದಿಂದ ಮೆಟ್ರೋ ಹತ್ತಿದ್ರೆ ಮೆಜೆಸ್ಟಿಕ್ ಹೆಚ್ಚು ಕಡಿಮೆ ಅರ್ಧ ಗಂಟೆ. ಇಳಿದು ಗುಬ್ಬಿ ತೋಟದಪ್ಪ ರಸ್ತೆ ಕೇಳಿ, ಯಾರಾದ್ರೂ ತೋರಿಸ್ತಾರೆ. ಒಂದು ಸಲ ಆ ಬೋರ್ಡ್ ಪೂರ್ತಿ ಓದಿ. ಆಮೇಲೆ ಮನೆಯಲ್ಲಿ ಅಜ್ಜಿನೋ, ತಾತನೋ, ಅಪ್ಪನೋ ಇದ್ರೆ ಕೇಳಿ: 'ಬೆಂಗಳೂರಿಗೆ ಮೊದಲ ಸಲ ಬಂದಾಗ ರಾತ್ರಿ ಎಲ್ಲಿ ಮಲಗಿದ್ರಿ? ಯಾರು ಬಾಗಿಲು ತೆಗೆದ್ರು?' ಉತ್ತರವನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಒಳ್ಳೊಳ್ಳೆ ಕಥೆ ಬಂದ್ರೆ ಅದನ್ನೇ ಮುಂದೊಂದು ಸಂಚಿಕೆ ಮಾಡೋಣ.

ಅಲ್ಲಿವರೆಗೂ, ಎಲ್ಲಿದ್ರೂ ಚೆನ್ನಾಗಿ ನಿದ್ದೆ ಮಾಡಿ. ನಮಸ್ಕಾರ.