ಶಸ್ತ್ರಕ್ಕೆ ಮುನ್ನ, ಶಸ್ತ್ರದ ಅನಂತರ

ಗರ್ಭಿಣಿಯ ಉದರವನ್ನು ಸೀಳಿ ಶಿಶುವನ್ನು ಹೊರತೆಗೆಯುವ ಸಿಸೇರಿಯನ್ ಶಸ್ತ್ರಕ್ರಿಯೆಯ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಶಸ್ತ್ರವನ್ನು ಹಿಡಿದ ಕೈಯನ್ನೇ ಮುಖ್ಯವಾಗಿ ನೋಡಿ, ಮೊದಲು ಕೊಯ್ದವನು ಯಾರು, ಎಲ್ಲಿ ಕೊಯ್ದನು, ಎಷ್ಟುದ್ದ ಕೊಯ್ದನು ಎಂಬ ವಿಚಾರದಲ್ಲಿಯೇ ಪುಟಗಳನ್ನು ತುಂಬಿದ್ದಾರೆ. ಅದೇ ಚರಿತ್ರೆಯನ್ನು ತಾಯಿಯ ಕಡೆಯಿಂದ ಓದತೊಡಗಿದರೆ, ಕೊಯ್ಯುವ ವಿದ್ಯೆ ಮನುಷ್ಯನಿಗೆ ಬಹು ಪುರಾತನ ಕಾಲದಿಂದಲೂ ತಿಳಿದೇ ಇದ್ದಿತೆಂಬುದೂ, ಕೊಯ್ಯುವುದಕ್ಕೆ ಮುಂಚೆ ಆಕೆಯ ದೇಹವನ್ನು ಹೇಗೆ ಅಣಿಗೊಳಿಸಬೇಕು, ಕೊಯ್ದ ಮೇಲೆ ಆಕೆಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬ ತಿಳಿವಳಿಕೆ ಮಾತ್ರ ತೀರ ಈಚೆಗೆ, ಅದೂ ತುಣುಕುತುಣುಕಾಗಿ, ಎಷ್ಟೋ ತಾಯಂದಿರ ಪ್ರಾಣವನ್ನು ತೆತ್ತ ಮೇಲೆ ಬಂದಿತೆಂಬುದೂ ಕಣ್ಣಿಗೆ ಬೀಳುತ್ತದೆ. ಆದುದರಿಂದ ಈ ಶಸ್ತ್ರಕ್ರಿಯೆಯ ಇತಿಹಾಸವು ಮುಖ್ಯವಾಗಿ ಬಾಣಂತನದ ಇತಿಹಾಸವೆಂದೇ ನಾನು ಭಾವಿಸುತ್ತೇನೆ.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ಪ್ರಸವಕಾಲದಲ್ಲಿ ತಾಯಿಯು ಹಠಾತ್ತಾಗಿ ಮೃತಳಾಗಿ ಅವಳ ಕುಕ್ಷಿಯು ಇನ್ನೂ ಸ್ಪಂದಿಸುತ್ತಿದ್ದರೆ ವೈದ್ಯನು ತತ್ಕ್ಷಣವೇ ಅದನ್ನು ಸೀಳಿ ಶಿಶುವನ್ನು ಉದ್ಧರಿಸಬೇಕೆಂಬ ವಿಧಿಯಿದೆ. ನೂಮಾ ಪೊಂಪಿಲಿಯಸ್ ಎಂಬ ಅರಸನ ಕಾಲದ್ದೆಂದು ರೋಮನರು ನಂಬಿದ್ದ ಶಾಸನವೊಂದು, ಗರ್ಭಿಣಿಯಾಗಿ ಸತ್ತವಳನ್ನು ಒಳಗಿನ ಕೂಸನ್ನು ತೆಗೆಯದೆ ಹೂಳಕೂಡದೆಂದು ಆಜ್ಞಾಪಿಸಿತು. ಜೂಲಿಯಸ್ ಸೀಸರನು ಹೀಗೆ ಹುಟ್ಟಿದವನೆಂಬ ಕಥೆಯನ್ನು ನಂಬಲಾಗದು. ಏಕೆಂದರೆ ಅವನ ತಾಯಿ ಔರೇಲಿಯಾ ಅವನು ಪ್ರೌಢನಾಗಿ ದಂಡಯಾತ್ರೆಗಳನ್ನು ಮಾಡುವವರೆಗೂ ಜೀವಿಸಿದ್ದಳು, ಆ ಕಾಲದಲ್ಲಿಯಾದರೋ ಉದರ ಸೀಳಿದ ಮೇಲೆ ತಾಯಿ ಬದುಕುವ ಮಾತೇ ಇರಲಿಲ್ಲ. ಮುಂದೆ ಕ್ರೈಸ್ತ ಮಠಗಳವರು ಶಿಶುವಿಗೆ ದೀಕ್ಷಾಸ್ನಾನವಾಗಲೆಂಬ ಉದ್ದೇಶದಿಂದ ಇದೇ ವಿಧಿಯನ್ನು ಎತ್ತಿಹಿಡಿದರು. ಇವೆಲ್ಲವೂ ಸತ್ತ ತಾಯಿಯ ವಿಷಯವಾದ ನಿಯಮಗಳು. ಸತ್ತವಳಿಗೆ ಸಿದ್ಧತೆಯೇನು, ಶುಶ್ರೂಷೆಯೇನು?

ಬದುಕಿರುವವಳ ಮೇಲೆ ಶಸ್ತ್ರವನ್ನು ಪ್ರಯೋಗಿಸಬಹುದೆಂದು ಗ್ರಂಥಮುಖೇನ ವಾದಿಸಿದವನು ಫ್ರಾನ್ಸಿನ ರೂಸೆ. ಅವನ ಪುಸ್ತಕ ಪ್ರಕಟವಾದುದು 1581ರಲ್ಲಿ. ಗರ್ಭಕೋಶವು ತಾನೇ ಸಂಕುಚಿತವಾಗುವುದರಿಂದ ಅದಕ್ಕೆ ಹೊಲಿಗೆ ಬೇಕಿಲ್ಲವೆಂದು ಅವನು ಬರೆದಿಟ್ಟ ಮಾತು ಮುಂದಿನ ಮುನ್ನೂರು ವರ್ಷಗಳ ಕಾಲ ವೈದ್ಯರ ಬುದ್ಧಿಯನ್ನು ಆಳಿತು. 1610ರಲ್ಲಿ ಜರ್ಮನಿಯ ವಿಟನ್‌ಬರ್ಗಿನಲ್ಲಿ ಟ್ರೌಟ್‌ಮನ್ನನು ನಡೆಸಿದ ಶಸ್ತ್ರಕ್ರಿಯೆಯಲ್ಲಿ ಮಗು ಉಳಿಯಿತು. ತಾಯಿ ಇಪ್ಪತ್ತೈದನೆಯ ದಿನ ತೀರಿಕೊಂಡಳು. ಕೊಯ್ದ ದಿನ ಸಾಯದೆ ಮೂರು ವಾರಗಳಿಗೂ ಮೀರಿ ಬದುಕಿದ್ದ ಆ ಹೆಣ್ಣನ್ನು ಕುರಿತು ಯೋಚಿಸಿದಾಗಲೆಲ್ಲ, ಅವಳಿಗೆ ಬೇಕಾಗಿದ್ದುದು ಚತುರನಾದ ಶಸ್ತ್ರಿಗಿಂತ ಹೆಚ್ಚಾಗಿ ಆ ಇಪ್ಪತ್ತೈದು ದಿನಗಳನ್ನು ಬಲ್ಲ ಒಬ್ಬರು ಎಂದು ನನಗೆ ತೋರುತ್ತದೆ.

ಅಂತಹ ಬಲ್ಲವರು ಐರೋಪ್ಯರ ದೃಷ್ಟಿಗೆ ಬಿದ್ದುದು ಯೂರೋಪಿನ ಯಾವ ವಿದ್ಯಾಪೀಠದಲ್ಲಿಯೂ ಅಲ್ಲ, ಆಫ್ರಿಕದ ನಡುನಾಡಿನಲ್ಲಿ, ಈಗಿನ ಯುಗಾಂಡದ ಭಾಗವಾದ ಬುನ್ಯೊರೊ ರಾಜ್ಯದ ಕಹುರಾ ಎಂಬಲ್ಲಿ. 1879ರಲ್ಲಿ ಅಲ್ಲಿಗೆ ಹೋಗಿದ್ದ ರಾಬರ್ಟ್ ಫೆಲ್ಕಿನ್ ಎಂಬ ವೈದ್ಯಮಿಷನರಿಯು ತಾನು ಕಣ್ಣಾರೆ ಕಂಡುದನ್ನು 1884ರಲ್ಲಿ ಎಡಿನ್‌ಬರೋದ ವೈದ್ಯರ ಮುಂದೆ ವಿವರಿಸಿ ಅಲ್ಲಿನ ವೈದ್ಯಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಇಪ್ಪತ್ತರ ಪ್ರಾಯದ ಚೊಚ್ಚಲ ಗರ್ಭಿಣಿಯೊಬ್ಬಳನ್ನು ಗುಡಿಸಲಿನ ಗೋಡೆಯ ಕಡೆಗೆ ತಲೆ ಮಾಡಿ ಇಳಿಜಾರಾದ ಮಂಚದ ಮೇಲೆ ಮಲಗಿಸಿ, ಮರದ ತೊಗಟೆಯನ್ನು ಬಡಿದು ಮಾಡಿದ ನಾರುಬಟ್ಟೆಯಿಂದ ಎದೆಯನ್ನೂ ತೊಡೆಗಳನ್ನೂ ಬಿಗಿದಿದ್ದರು. ಬಾಳೆಹಣ್ಣಿನ ಮದ್ಯವನ್ನು ಹೊಟ್ಟೆತುಂಬ ಕುಡಿಸಿದ್ದುದರಿಂದ ಆಕೆಗೆ ಅರೆ ಪ್ರಜ್ಞೆ ಮಾತ್ರವಿದ್ದಿತು. ಶಸ್ತ್ರಿಯು ಮಂತ್ರವನ್ನು ಗುಣುಗುಣಿಸುತ್ತ ಅದೇ ಮದ್ಯದಿಂದಲೂ ಆಮೇಲೆ ನೀರಿನಿಂದಲೂ ತನ್ನ ಕೈಗಳನ್ನೂ ಆಕೆಯ ಹೊಟ್ಟೆಯನ್ನೂ ತೊಳೆದು, ಒಮ್ಮೆ ಗಟ್ಟಿಯಾಗಿ ಕೂಗಿ, ಹೊರಗೆ ನೆರೆದ ಜನವೂ ಪ್ರತಿಯಾಗಿ ಕೂಗುತ್ತಿರಲು, ಹೊಕ್ಕುಳ ಕೆಳಗೆ ನಡುಗೆರೆಯಲ್ಲಿ ಒಂದೇ ಏಟಿಗೆ ಕೊಯ್ದನು. ರಕ್ತ ಚಿಮ್ಮುತ್ತಿದ್ದ ಎಡೆಗಳಿಗೆ ಸಹಾಯಕನೊಬ್ಬನು ಕಾದ ಕಬ್ಬಿಣವನ್ನು ಮುಟ್ಟಿಸಿದನು. ಕೂಸನ್ನು ಎತ್ತಿಕೊಟ್ಟು ಕರುಳಬಳ್ಳಿಯನ್ನು ಕತ್ತರಿಸಿದ ಮೇಲೆ ಶಸ್ತ್ರಿಯು ಗರ್ಭಕೋಶವನ್ನು ಎರಡೂ ಕೈಗಳಿಂದ ನೀವಿ ನೀವಿ ಸಂಕುಚಿತಗೊಳಿಸಿ ಮಾಸನ್ನು ಗಾಯದ ದಾರಿಯಿಂದಲೇ ತೆಗೆದನು.

ಇಲ್ಲಿಂದ ಮುಂದಿನ ಕ್ರಮವೇ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು. ಗಾಯದ ಮೇಲೆ ಹುಲ್ಲಿನ ಚಾಪೆಯೊಂದನ್ನು ಒತ್ತಿಹಿಡಿದು, ತಾಯಿಯನ್ನು ಮೆಲ್ಲನೆ ಮಗ್ಗುಲಿಗೆ ಹೊರಳಿಸಿ ಒಳಗೆ ನಿಂತಿದ್ದ ದ್ರವವೆಲ್ಲವೂ ಬಸಿದುಹೋಗುವಂತೆ ಮಾಡಿದರು. ಅನಂತರ ಚೆನ್ನಾಗಿ ಉಜ್ಜಿ ನಯಮಾಡಿದ ಏಳು ತೆಳುವಾದ ಕಬ್ಬಿಣದ ಮೊಳೆಗಳಿಂದ ಗಾಯದ ಅಂಚುಗಳನ್ನು ಕೂಡಿಸಿ ನಾರಿನ ದಾರದಿಂದ ಬಿಗಿದು, ಎರಡು ಬಗೆಯ ಬೇರುಗಳನ್ನು ಅಗಿದು ಮಾಡಿದ ಲೇಪವನ್ನು ದಪ್ಪನಾಗಿ ಬಳಿದು, ಬಿಸಿಮಾಡಿದ ಬಾಳೆಯೆಲೆಯನ್ನು ಹೊದಿಸಿ, ಮೇಲೆ ನಾರುಬಟ್ಟೆಯನ್ನು ಭದ್ರವಾಗಿ ಸುತ್ತಿದರು. ಎರಡು ಗಂಟೆಗಳೊಳಗೆ ಕೂಸು ಮೊಲೆಗೆ ಬಂದಿತು. ಮೂರನೆಯ ದಿನ ಕಟ್ಟು ಬಿಚ್ಚಿ ಒಂದು ಮೊಳೆಯನ್ನೂ, ಐದನೆಯ ದಿನ ಮೂರನ್ನೂ, ಆರನೆಯ ದಿನ ಉಳಿದವನ್ನೂ ತೆಗೆದರು. ಹನ್ನೊಂದನೆಯ ದಿನಕ್ಕೆ ಗಾಯವು ಪೂರ್ಣವಾಗಿ ಕೂಡಿಕೊಂಡಿತ್ತು. ಶಸ್ತ್ರ ತಗುಲಿ ಕೂಸಿನ ಭುಜದ ಮೇಲೆ ಆಗಿದ್ದ ಸಣ್ಣ ಗಾಯವೂ ಅದೇ ಲೇಪದಿಂದ ನಾಲ್ಕು ದಿನಗಳಲ್ಲಿ ಮಾಯಿತು. ಒಂದೇ ಘಟನೆಯನ್ನು ಆಧಾರವಾಗಿಟ್ಟುಕೊಂಡು ಹೆಚ್ಚು ಹೇಳಹೊರಡುವುದು ಯುಕ್ತವಲ್ಲವಾದರೂ, ಯಾವ ದಿನ ಯಾವ ಮೊಳೆ ಎಂಬಷ್ಟು ನಿಶ್ಚಿತವಾದ ಶುಶ್ರೂಷಾಕ್ರಮವು ಒಬ್ಬನ ತಲೆಯಲ್ಲಿ ಒಂದು ದಿನ ಹುಟ್ಟಿದುದಾಗಿರಲಾರದು. ಹಲವು ತಲೆಮಾರುಗಳ ಅನುಭವವು ಅದರ ಹಿಂದೆ ಇದ್ದಿರಲೇಬೇಕು.

ಅದೇ ಶತಮಾನದ ಮಧ್ಯದಲ್ಲಿ ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ ಈ ಶಸ್ತ್ರಕ್ರಿಯೆಗೆ ಒಳಗಾದ ತಾಯಂದಿರಲ್ಲಿ ನೂರಕ್ಕೆ ಸುಮಾರು 85 ಮಂದಿ ಸಾಯುತ್ತಿದ್ದರು. ಇದಕ್ಕೆ ಕಾರಣವನ್ನು ಅರಸುತ್ತ ಹೋದರೆ ಶಸ್ತ್ರದ ಕೊರತೆ ಎಲ್ಲಿಯೂ ಕಾಣದು. ಬಾಲ್ಯದಲ್ಲಿ ಬಿಸಿಲೂ ಪುಷ್ಟಿಯೂ ಸಾಲದೆ ಎಲುಬುಗಳು ಬಾಗಿ, ಕಟಿಯ ದಾರಿ ಇಕ್ಕಟ್ಟಾಗಿದ್ದ ಕಾರ್ಖಾನೆಯೂರುಗಳ ಬಡ ಹೆಂಗಸರೇ ಹೆಚ್ಚಾಗಿ ಈ ಸಂಕಟಕ್ಕೆ ಸಿಕ್ಕುತ್ತಿದ್ದವರು. ಅವರನ್ನು ಎರಡು ಮೂರು ದಿನಗಳ ಕಾಲ ಬೇನೆಯಲ್ಲಿ ಬಳಲಲು ಬಿಟ್ಟು, ತೊಳೆಯದ ಕೈಗಳಿಂದ ಮೇಲಿಂದ ಮೇಲೆ ಪರೀಕ್ಷಿಸಿ, ಉಳಿದ ಉಪಾಯಗಳೆಲ್ಲ ಸೋತ ಬಳಿಕ, ಜೀವವು ಕಂಠಗತವಾಗಿದ್ದಾಗ ಶಸ್ತ್ರವನ್ನು ಎತ್ತುತ್ತಿದ್ದರು; ಎತ್ತಿದ ಮೇಲೆ ಗರ್ಭಕೋಶದ ಗಾಯವನ್ನು ಹಾಗೆಯೇ ತೆರೆದು ಬಿಡುತ್ತಿದ್ದರು. ಕೆಲವರು ರಕ್ತಸ್ರಾವದಿಂದಲೂ, ಅದನ್ನು ದಾಟಿದವರಲ್ಲಿ ಬಹುಮಂದಿ ನಂಜಿನಿಂದಲೂ ಅಳಿದರು. ಅಮೆರಿಕದ ಫಿಲಡೆಲ್ಫಿಯ ನಗರದ ವೈದ್ಯ ರಾಬರ್ಟ್ ಹ್ಯಾರಿಸ್ ಇಂತಹ ಪ್ರಸಂಗಗಳ ದಾಖಲೆಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ, ತಾಯಿಯು ಬಳಲುವ ಮೊದಲೇ ಶಸ್ತ್ರವನ್ನು ಎತ್ತಿದಲ್ಲಿ ಉಳಿವು ಎಷ್ಟೋ ಹೆಚ್ಚೆಂಬುದನ್ನು ತೋರಿಸಿಕೊಟ್ಟನು. ಎತ್ತುಹೋರಿಗಳ ಕೊಂಬಿನಿಂದ ತಿವಿಸಿಕೊಂಡು ಹೊಟ್ಟೆ ಬಿರಿದ ಗರ್ಭಿಣಿಯರಲ್ಲಿ ಬದುಕಿದವರ ಪ್ರಮಾಣವು ನಗರದ ವೈದ್ಯರ ಕೈಯಲ್ಲಿ ಬದುಕಿದವರದಕ್ಕಿಂತ ಮೇಲೆಂದು 1887ರಲ್ಲಿ ಅವನು ಬರೆದುದನ್ನು ಓದಿದರೆ ಇಂದಿಗೂ ಎದೆ ನಡುಗುತ್ತದೆ. ಕೊಂಬು ತಿವಿದುದು ಆರೋಗ್ಯವಾಗಿ ನಡೆದಾಡುತ್ತಿದ್ದ ಹೆಣ್ಣನ್ನು. ವೈದ್ಯನು ಕೊಯ್ದುದು ಆಗಲೇ ಅರೆಜೀವವಾಗಿದ್ದವಳನ್ನು.

ಪರಿಹಾರಗಳು ಒಂದೊಂದಾಗಿ ಒದಗಿದವು. 1847ರಲ್ಲಿ ಎಡಿನ್‌ಬರೋದ ಸಿಂಪ್ಸನ್ನನು ಹೆರಿಗೆಯಲ್ಲಿ ಕ್ಲೋರೋಫಾರಮ್ಮನ್ನು ಬಳಸಿದನು. ಅದೇ ವರ್ಷ ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸನು ವೈದ್ಯರ ಕೈಗಳನ್ನು ಕ್ಲೋರಿನ್ ನೀರಿನಿಂದ ತೊಳೆಯಿಸಿ ಸೂತಿಕಾಜ್ವರದ ಸಾವುಗಳನ್ನು ಇಳಿಸಿದನು. 1867ರಲ್ಲಿ ಲಿಸ್ಟರನ ಕಾರ್ಬಾಲಿಕ್ ಆಮ್ಲದ ಪದ್ಧತಿ ಪ್ರಕಟವಾಯಿತು. ಆದರೂ ಗರ್ಭಕೋಶದ ತೆರೆದ ಗಾಯವು ಹಾಗೆಯೇ ಉಳಿದಿತ್ತು. 1876ರಲ್ಲಿ ಇಟಲಿಯ ಪಾವಿಯಾದಲ್ಲಿ ಪೋರೋ ಎಂಬಾತನು ಜೂಲಿಯಾ ಕವಲಿನಿ ಎಂಬ ಹೆಣ್ಣಿಗೆ ಶಸ್ತ್ರಕ್ರಿಯೆ ನಡೆಸಿ, ಮಗುವನ್ನು ತೆಗೆದ ಕೂಡಲೆ ಗರ್ಭಕೋಶವನ್ನೇ ಕತ್ತರಿಸಿ ತೆಗೆದು ರಕ್ತವನ್ನು ತಡೆದನು. ತಾಯಿ ಮಕ್ಕಳಿಬ್ಬರೂ ಉಳಿದರು. ಅವಳ ಮುಂದಿನ ಸಂತಾನದ ಆಸೆ ಅಂದಿಗೇ ತೀರಿತು. ಆರು ವರ್ಷಗಳ ತರುವಾಯ, 1882ರಲ್ಲಿ, ಲೈಪ್‌ಸಿಗ್ಗಿನ ಮ್ಯಾಕ್ಸ್ ಸೆಂಗರನು ಗರ್ಭಕೋಶವನ್ನು ಬೆಳ್ಳಿಯ ತಂತಿಯಿಂದಲೂ ರೇಷ್ಮೆಯ ದಾರದಿಂದಲೂ ಹೊಲಿಯಬಹುದೆಂದೂ, ಹೊಲಿಯಲೇಬೇಕೆಂದೂ ಸಾರಿದಾಗ ರೂಸೆಯ ಮಾತಿಗೆ ಕೊನೆಗೂ ತೆರೆಬಿದ್ದಿತು. ಈ ಒಂದು ಹೊಲಿಗೆಯನ್ನು ನಾನು ಸಿಸೇರಿಯನ್ ಚರಿತ್ರೆಯ ಮಧ್ಯಬಿಂದುವೆಂದು ಎಣಿಸುತ್ತೇನೆ.

ಇಪ್ಪತ್ತನೆಯ ಶತಮಾನದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡವಾಗಿ ಕೊಯ್ಯುವ ಕ್ರಮವನ್ನು ಬಳಕೆಗೆ ತಂದುದರಿಂದ ರಕ್ತನಷ್ಟ ತಗ್ಗಿ, ಗಾಯವು ಬಲವಾಗಿ ಕೂಡಿ, ಮುಂದಿನ ಬಸಿರಿನಲ್ಲಿ ಹಳೆಯ ಕಲೆ ಬಿರಿಯುವ ಭಯ ಕಡಮೆಯಾಯಿತು. 1936ರಲ್ಲಿ ಲಂಡನ್ನಿನ ಕ್ವೀನ್ ಶಾರ್ಲಟ್ ಆಸ್ಪತ್ರೆಯಲ್ಲಿ ಕೋಲ್‌ಬ್ರೂಕನು ಪ್ರಾಂಟೊಸಿಲ್ ಎಂಬ ಸಲ್ಫಾ ಔಷಧದಿಂದ ಬಾಣಂತಿಯರ ನಂಜನ್ನು ಇಳಿಸಿದನು. ಪೆನಿಸಿಲಿನ್ ಅದರ ಬೆನ್ನಿಗೇ ಬಂದಿತು. ಮುಂಚಿನ ಸಿದ್ಧತೆಯ ವಿಷಯದಲ್ಲಿ ನಮ್ಮ ದೇಶಕ್ಕೆ ಅತ್ಯಂತ ಹತ್ತಿರವಾದ ಹೆಸರು ಲೂಸಿ ವಿಲ್ಸ್ ಅವರದು. 1928ರಿಂದ ಮುಂಬಯಿಯಲ್ಲಿ ಗರ್ಭಿಣಿಯರ, ಅದರಲ್ಲಿಯೂ ಗಿರಣಿಗಳಲ್ಲಿ ದುಡಿಯುತ್ತಿದ್ದ ಹೆಂಗಸರ, ರಕ್ತಹೀನತೆಯನ್ನು ಅಭ್ಯಾಸಮಾಡಿದ ಆಕೆ, ಯೀಸ್ಟಿನ ಸತ್ತ್ವದಿಂದ ಅದು ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಗುಣಕಾರಿ ಅಂಶವೇ ಫೋಲಿಕ್ ಆಮ್ಲವೆಂದು ಮುಂದೆ ತಿಳಿಯಿತು. ಇಂದು ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯು ಬಸುರಿಯ ಕೈಗೆ ಕೊಡುವ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಯಲ್ಲಿ ಆ ಪರಿಶ್ರಮದ ಪಾಲಿದೆ. ಒಂಬತ್ತು ತಿಂಗಳು ರಕ್ತವನ್ನು ಕೂಡಿಸಿಕೊಂಡು ಬಂದವಳಿಗೆ ಶಸ್ತ್ರದ ಮೇಜಿನ ಮೇಲೆ ಒಂದಿಷ್ಟು ಹೋದರೂ ತಡೆಯುವ ಶಕ್ತಿಯಿರುತ್ತದೆ; ಬಿಳಿಚಿಕೊಂಡು ಬಂದವಳಿಗೆ ಅಷ್ಟೇ ರಕ್ತದ ನಷ್ಟವು ಪ್ರಾಣಾಂತಿಕವಾಗಬಹುದು.

ಕನ್ನಡನಾಡಿನಲ್ಲಿ ಬಾಣಂತನವೆಂಬುದು ಶಾಸ್ತ್ರದಷ್ಟೇ ವಿಸ್ತಾರವಾಗಿ ಬೆಳೆದುಬಂದ ಆಚಾರ. ಗಾಳಿಯಾಡದ ಬೆಚ್ಚನೆಯ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೈಗೆ ಎಣ್ಣೆ ತಿಕ್ಕಿ ಹಂಡೆ ಹಂಡೆ ಬಿಸಿನೀರು ಹುಯ್ಯುವುದು, ಸಾಂಬ್ರಾಣಿಯ ಹೊಗೆ, ಹಳೆಯ ಸೀರೆಯಿಂದ ಹೊಟ್ಟೆಕಟ್ಟು, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಉತ್ತರದ ಜಿಲ್ಲೆಗಳಲ್ಲಿ ಅಂಟಿನುಂಡೆ, ಇವೆಲ್ಲವೂ ತಾನಾಗಿ ಹೆತ್ತವಳ ದೇಹವನ್ನು ಮನಸ್ಸಿನಲ್ಲಿಟ್ಟುಕೊಂಡು ಸೂಲಗಿತ್ತಿಯರೂ ಅಜ್ಜಿಯರೂ ರೂಪಿಸಿದ ಕ್ರಮ. 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ತೆರೆದು, ಅಂತಹ ಆಸ್ಪತ್ರೆಗಳು ಊರೂರಿಗೆ ಬಂದು, ಶಸ್ತ್ರಕ್ರಿಯೆಯ ಹೆರಿಗೆಯು ಅಪೂರ್ವವಾದುದೆಂಬ ಕಾಲ ಕಳೆದ ಮೇಲೆ ಈ ಕ್ರಮಕ್ಕೆ ಹೊಲಿಗೆಯುಳ್ಳ ಬಾಣಂತಿಯೊಬ್ಬಳು ಎದುರಾದಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 31ಕ್ಕೂ ಮಿಕ್ಕು ಸಿಸೇರಿಯನ್ ಆಗಿರುವುದರಿಂದ ಈ ಭೇಟಿಯು ಈಗ ಮನೆಮನೆಯ ಸಂಗತಿ.

ಹಿರಿಯರು ಜಾಣತನದಿಂದ ಎಷ್ಟನ್ನೋ ಹೊಂದಿಸಿಕೊಂಡಿದ್ದಾರೆ. ಹೊಲಿಗೆ ಒಣಗುವವರೆಗೆ ಎಣ್ಣೆನೀರನ್ನು ಮುಂದಕ್ಕೆ ಹಾಕಿ, ಅಲ್ಲಿಯವರೆಗೆ ಮೈ ಒರೆಸುವುದರಲ್ಲಿಯೇ ತೃಪ್ತರಾಗುತ್ತಾರೆ. ಮಗುವನ್ನು ಹೊಟ್ಟೆಗೆ ತಾಗದಂತೆ ಮಗ್ಗುಲಲ್ಲಿ ಮಲಗಿಸಿ ಮೊಲೆಯೂಡಿಸುವುದನ್ನೂ, ಕೆಮ್ಮು ಬಂದಾಗ ದಿಂಬನ್ನು ಗಾಯದ ಮೇಲೆ ಒತ್ತಿಹಿಡಿಯುವುದನ್ನೂ ಸೊಸೆಗೆ ಕಲಿಸುವ ಅತ್ತೆಯರುಂಟು. ಹೊಂದಿಕೆಯಾಗದೆ ಉಳಿದಿರುವುವೂ ಇವೆ. ಬೇಳೆ ತಿಂದರೆ ಹೊಲಿಗೆ ಕೀವಾಗುವುದೆಂದು ಬೇಳೆಯನ್ನೂ, ನಂಜಾಗುವುದೆಂದು ನೀರನ್ನೂ ತಡೆಯುವ ಮನೆಗಳು ಇನ್ನೂ ಇಲ್ಲದಿಲ್ಲ; ಗಾಯವು ಮಾಯುವುದಕ್ಕೆ ಬೇಕಾದ ಪುಷ್ಟಿ ಬೇಳೆಯಲ್ಲಿಯೂ, ಹಾಲೂಡುವವಳಿಗೆ ಬೇಕಾದ ತೇವ ನೀರಿನಲ್ಲಿಯೂ ಇರುವಾಗ ಈ ತಡೆಯಿಂದಾಗುವ ಹಾನಿ ಸಣ್ಣದಲ್ಲ. ಮಲಗಿರುವುದರ ವಿಷಯದಲ್ಲಿಯಂತೂ ಮನೆಗೂ ಆಸ್ಪತ್ರೆಗೂ ನೇರವಾದ ವಿರೋಧವೇ ಇದೆ: ಮನೆಯವರು ಏಳಬೇಡವೆನ್ನುತ್ತಾರೆ, ಆಸ್ಪತ್ರೆಯವರು ಎದ್ದು ನಡೆಯೆನ್ನುತ್ತಾರೆ. ಈ ವಿಷಯದಲ್ಲಿ ನಮ್ಮ ಅಜ್ಜಿಯರನ್ನು ಮಾತ್ರ ಆಕ್ಷೇಪಿಸುವುದು ಅನ್ಯಾಯ. 1940ರ ದಶಕದವರೆಗೆ ಪಾಶ್ಚಾತ್ಯ ವೈದ್ಯರೂ ಶಸ್ತ್ರವಾದವಳನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. ಬಸುರು ಬಾಣಂತನಗಳಲ್ಲಿ ರಕ್ತವು ಹೆಪ್ಪುಗಟ್ಟುವ ಗುಣ ಹೆಚ್ಚಾಗಿರುವುದರಿಂದ, ಅಲುಗಾಡದ ಕಾಲುಗಳಲ್ಲಿ ಗಟ್ಟಿಯಾದ ರಕ್ತವು ಕಳಚಿ ಶ್ವಾಸಕೋಶವನ್ನು ಸೇರಿ ಪ್ರಾಣ ತೆಗೆಯಬಲ್ಲುದೆಂಬ ಅರಿವು ಬಲವಾದ ಮೇಲೆ, ಮೊದಲನೆಯ ದಿನವೇ ದಾದಿಯ ಭುಜ ಹಿಡಿದು ನಾಲ್ಕು ಹೆಜ್ಜೆ ಇಡಿಸುವ ಪದ್ಧತಿ ಬಂದಿತು.

ಈ ಕಾರಣವನ್ನು ಬಾಣಂತಿಯ ತಾಯಿಗೆ ಯಾರೂ ಕೂತು ಹೇಳುವುದಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ ಮಾತ್ರೆಗಳ ಹೆಸರನ್ನು ಅವಸರದ ಅಕ್ಷರಗಳಲ್ಲಿ ಬರೆದುಕೊಡುವ ಚೀಟಿಯ ಜೊತೆಗೆ, ಯಾವ ದಿನದಿಂದ ಎಷ್ಟು ನಡೆಯಬೇಕು, ಯಾವಾಗ ತಲೆಗೆ ನೀರು ಹಾಕಬಹುದು, ಎಷ್ಟು ವಾರ ಕೊಡ ಎತ್ತಬಾರದು, ಜ್ವರ ಬಂದರೆ, ಗಾಯ ಕೆಂಪಾಗಿ ಸೋರಿದರೆ, ಒಂದೇ ಕಾಲು ಊದಿ ನೊಂದರೆ, ರಕ್ತ ಹೆಚ್ಚು ಹೋದರೆ ರಾತ್ರಿಯೆನ್ನದೆ ಎಲ್ಲಿಗೆ ಬರಬೇಕು ಎಂಬುದನ್ನು ತಿಳಿಗನ್ನಡದಲ್ಲಿ ಅಚ್ಚುಹಾಕಿಸಿ ಕೊಡಬೇಕು. ಕೊಡುವ ಮುನ್ನ ಮನೆಯಲ್ಲಿ ಬಾಣಂತನ ಮಾಡುವವರು ತಾಯಿಯಾಗಲಿ, ಅತ್ತೆಯಾಗಲಿ, ಅವರನ್ನೇ ಹತ್ತಿರ ಕೂರಿಸಿಕೊಂಡು ದಾದಿಯೊಬ್ಬಳು ಅದನ್ನು ಓದಿ ಹೇಳಿ, ಅವರ ಸಂದೇಹಗಳಿಗೆ ಸಾವಧಾನವಾಗಿ ಉತ್ತರ ಕೊಡಬೇಕು.